ಗೋಡೆಯಾಚೆ ಹೋದ ಮರಿಗಳು

ಹ್ಯಾಚರಿಯಲ್ಲಿ ಅವಳನ್ನು ಎಲ್ಲರೂ ಬೆರಳಕ್ಕ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಮೊಟ್ಟೆಯೊಡೆದು ಒಂದು ದಿನವೂ ಆಗದ ಕೋಳಿಮರಿಯನ್ನು ಎತ್ತಿ, ಹೆಬ್ಬೆರಳಿನಿಂದ ರೆಕ್ಕೆ ಬಿಡಿಸಿ, ಹೆಣ್ಣೋ ಗಂಡೋ ಬೇರ್ಪಡಿಸುವುದು ಅವಳ ಕೆಲಸ. ರೆಕ್ಕೆಯಂಚಿನ ಗರಿಗಳು ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಎಲ್ಲ ಸಮ ಇದ್ದರೆ ಗಂಡು. ಹೆಣ್ಣು ಎಡಗಡೆಯ ಟ್ರೇಗೆ, ಗಂಡು ಬಲಗಡೆಯ ಬೆಲ್ಟಿಗೆ. ಬಾಯಲ್ಲಿ ಹೇಳಲು ಇಷ್ಟೇ. ಆದರೆ ಗಂಟೆಗೆ ಎರಡು ಸಾವಿರ ಮರಿಗಳನ್ನು, ನೂರಕ್ಕೆ ಒಂದೂ ತಪ್ಪದಂತೆ ನೋಡಬಲ್ಲವರು ಆ ಹ್ಯಾಚರಿಯಲ್ಲಿ ಇನ್ನೊಬ್ಬರಿರಲಿಲ್ಲ. ಹೊಸದಾಗಿ ಸೇರಿದ ಹೆಂಗಸರು ಅವಳ ಕೈಯನ್ನೇ ನೋಡುತ್ತ ನಿಂತು ತಮ್ಮ ಕೆಲಸ ಮರೆಯುತ್ತಿದ್ದರು. "ನನ್ನ ಕೈ ನೋಡಿದ್ರೆ ಕಲಿಯೋಕಾಗಲ್ಲ ಕಣ್ರಮ್ಮ, ಮರಿ ನೋಡಿ" ಎಂದು ಅವಳು ಗದರುತ್ತಿದ್ದಳು.

ಎಡಗಡೆಯವು ಬೆಳೆದು ಮೊಟ್ಟೆಯಿಡುವ ಕೋಳಿಗಳಾಗುತ್ತಿದ್ದವು. ಬಲಗಡೆಯವು ಬೆಲ್ಟಿನ ಮೇಲೆ ಕುಳಿತು, ಗೋಡೆಯ ಕಿಂಡಿಗೆ ಇಳಿಬಿಟ್ಟ ರಬ್ಬರ್ ಪರದೆ ಸರಿಸಿಕೊಂಡು ಆಚೆ ಹೋಗುತ್ತಿದ್ದವು. ಆ ತಳಿಯ ಹುಂಜ ಮೊಟ್ಟೆಯನ್ನಂತೂ ಇಡದು, ಮೈಯೂ ತುಂಬಿಕೊಳ್ಳದು. ಸಾಕಿದರೆ ಮೇವು ದಂಡ. ಆದ್ದರಿಂದ ಹುಟ್ಟಿದ ದಿನವೇ ಅವುಗಳ ಕೊನೆಯ ದಿನ. ಇದೇನೂ ಗುಟ್ಟಲ್ಲ. ಆದರೂ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಬೆರಳಕ್ಕ ಒಂದು ಅಭ್ಯಾಸ ಮಾಡಿಕೊಂಡಿದ್ದಳು: ಕೈ ಬಲಕ್ಕೆ ಹೋದಾಗ ಕಣ್ಣು ಹೋಗಬಾರದು. ಇಪ್ಪತ್ತಾರು ವರ್ಷ ಅದನ್ನು ತಪ್ಪದೆ ಪಾಲಿಸಿದಳು.

ಗೋಡೆಯ ಆಚೆ, ಹಿಂದಿನ ಕೋಣೆಯಲ್ಲಿ, ಒಬ್ಬ ಕೆಲಸದವನಿದ್ದ. ಬೆಲ್ಟಿನಿಂದ ಇಳಿದ ಮರಿಗಳನ್ನು ದೊಡ್ಡ ಉಕ್ಕಿನ ಪೆಟ್ಟಿಗೆಗೆ ತುಂಬಿ, ಮುಚ್ಚಳ ಹಾಕಿ, ಗ್ಯಾಸಿನ ಗುಂಡಿ ಒತ್ತುವುದು ಅವನ ಕೆಲಸ. ಎಲ್ಲರೂ ಅವನನ್ನು ಹಿಂಗೋಣೆಯವನು ಎನ್ನುತ್ತಿದ್ದರು. ಊಟದ ಹಾಲ್‌ನಲ್ಲಿ ಆರು ಉದ್ದ ಮೇಜುಗಳು. ಅವನದು ಕೈತೊಳೆಯುವ ತೊಟ್ಟಿಯ ಪಕ್ಕದ ಕೊನೆಯ ಮೇಜು. ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಹಾಗಂತ ಯಾರೂ ಕಟ್ಟಳೆ ಮಾಡಿರಲಿಲ್ಲ, ಕೂರುತ್ತಿರಲಿಲ್ಲ, ಅಷ್ಟೇ. ಹೆಣ್ಣುಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವ ಪ್ಯಾಕಿಂಗಿನ ಹೆಂಗಸರು ಅವನಿಗೆ ನೀರಿನ ಜಗ್ ಕೊಡುವಾಗಲೂ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಸರಿಯುತ್ತಿದ್ದರು. ಬೆರಳಕ್ಕನೂ ಹಾಗೇ ಮಾಡುತ್ತಿದ್ದಳು. "ಆ ಕೈಯಲ್ಲಿ ಅನ್ನ ಹೇಗೆ ತಿಂತಾನೋ" ಎಂದು ಒಮ್ಮೆ ಅವಳೇ ಹೇಳಿದ್ದುಂಟು.

ಹ್ಯಾಚರಿಗೆ ಹೊಸ ಯಂತ್ರ ಬರುತ್ತದೆಂಬ ಸುದ್ದಿಯ ಜೊತೆಗೇ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಮೊಟ್ಟೆ ಇನ್ನೂ ಕಾವಿನಲ್ಲಿರುವಾಗಲೇ ಒಳಗಿರುವುದು ಹೆಣ್ಣೋ ಗಂಡೋ ಕಂಡುಹಿಡಿಯುವ ಯಂತ್ರ ಅದು. ಗಂಡಾದರೆ ಆ ಮೊಟ್ಟೆಯನ್ನು ಆಗಲೇ ತೆಗೆದುಬಿಡುವುದು. ಮರಿಯಾಗುವ ಮಾತೇ ಇಲ್ಲ. ಯಂತ್ರದ ಲೆಕ್ಕವನ್ನು ಮನುಷ್ಯರ ಲೆಕ್ಕದ ಜೊತೆ ಹೋಲಿಸಿ ನೋಡಲು ಹುಡುಗಿ ಬೆರಳಕ್ಕನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೂರು ದಿನ ಕುಳಿತಳು. ಒಳ್ಳೆಯ ಹುಡುಗಿ. ಬೆರಳಕ್ಕನ ಡಬ್ಬಿಯಿಂದ ಹಂಚಿಕೊಂಡು ತಿಂದಳು, ತನ್ನ ಅಮ್ಮನ ಮಂಡಿನೋವಿನ ಕಥೆ ಹೇಳಿದಳು.

ಮೂರನೆಯ ದಿನ, ಯಾವ ಕೆಡುಕೂ ಮನಸ್ಸಿನಲ್ಲಿಲ್ಲದೆ, ಕೇಳಿದಳು: "ಅಕ್ಕಾ, ಇಷ್ಟು ವರ್ಷದಲ್ಲಿ ಒಟ್ಟು ಎಷ್ಟು ಮರಿ ನೋಡಿರಬಹುದು?"

"ಯಾರಿಟ್ಟಿದಾರಮ್ಮ ಲೆಕ್ಕ."

"ಹಾಕೋಣ ಇರಿ. ಗಂಟೆಗೆ ಎರಡು ಸಾವಿರ, ದಿನಕ್ಕೆ ಐದು ಗಂಟೆ, ವಾರಕ್ಕೆ ಮೂರು ದಿನ..." ಹುಡುಗಿ ಫೋನಿನಲ್ಲಿ ಒತ್ತುತ್ತ ಹೋದಳು. "ನಾಲ್ಕು ಕೋಟಿ ಹತ್ತಿರ ಬರತ್ತೆ. ಅದರಲ್ಲಿ ಅರ್ಧ ಗಂಡು. ಎರಡು ಕೋಟಿ." ಫೋನು ಕೆಳಗಿಟ್ಟು ಮೆಲ್ಲಗೆ ಅಂದಳು: "ಇನ್ನು ಮೂವತ್ತು ನಲವತ್ತು ವರ್ಷ ಆದ್ಮೇಲೆ ಜನ ಇದನ್ನ ನಂಬೋದೇ ಇಲ್ಲ ಅನಿಸತ್ತೆ. ಹೀಗೂ ಮಾಡ್ತಿದ್ರಾ ಅಂತ ಕೇಳ್ತಾರೆ."

"ನಾನು ಯಾವ ಮರೀನೂ ಕೊಂದಿಲ್ಲಮ್ಮ" ಎಂದಳು ಬೆರಳಕ್ಕ. "ನಾನು ನೋಡ್ತೀನಿ, ಅಷ್ಟೇ."

"ಅಯ್ಯೋ, ನಿಮಗೆ ಹೇಳಿದ್ದಲ್ಲಕ್ಕಾ" ಎಂದು ಹುಡುಗಿ ಮುಜುಗರಪಟ್ಟಳು. ಅಲ್ಲಿಗೆ ಮಾತು ನಿಂತಿತು. ಆದರೆ ಆ ದಿನ ಉಳಿದ ಎರಡು ಗಂಟೆಯಲ್ಲಿ ಬೆರಳಕ್ಕನ ಕೈ ನಾಲ್ಕಾರು ಸಲ ತಡವರಿಸಿತು. ಮೇಲ್ವಿಚಾರಕ ಬಂದು ಹುಷಾರಿಲ್ಲವೇ ಎಂದು ಕೇಳಿಹೋದ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಆತ ದರ್ಜಿ. ಮೆಷಿನ್ನಿನ ಮೇಲೆ ಬಗ್ಗಿದ ತಲೆ ಎತ್ತದೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಾರಂತೆ. ನಲವತ್ತು ವರ್ಷದ ಮೇಲೆ ಬೈಯೋರಿಗೆ ಇವತ್ತೇ ಯಾಕೆ ಅಳ್ತೀಯ?" ಎಂದ.

"ಅಳ್ತಿಲ್ಲ. ಎರಡು ಕೋಟಿ ಅಂದ್ಳು."

"ನಾನು ದಿನಾ ಬೆಳಗ್ಗೆ ಎರಡು ಮೊಟ್ಟೆ ತಿಂತೀನಿ. ಊರೆಲ್ಲ ತಿನ್ನತ್ತೆ. ಪಾಪ ಅಂದ್ರೆ ಎಲ್ಲರಿಗೂ ಹಂಚು. ತಲೆಗೆ ಒಂದು ಚಮಚ ಬೀಳತ್ತೆ."

ತಮಾಷೆಯ ಮನುಷ್ಯ ಆತ. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಅಂದು ನಗು ಬರಲಿಲ್ಲ. 'ನಾನು ನೋಡ್ತೀನಿ, ಅಷ್ಟೇ' ಎಂದು ತಾನು ಆಡಿದ ಮಾತೇ ಬಟ್ಟೆಗಂಟಿದ ಮುಳ್ಳಿನಂತೆ ಚುಚ್ಚುತ್ತಿತ್ತು. ನೋಡಿದ್ದಾದರೂ ಏನನ್ನು? ಅರ್ಧವನ್ನು ಮಾತ್ರ.

ಮುಂದಿನ ಸರದಿಯ ದಿನ, ಬೆಲ್ಟು ನಿಂತ ಮೇಲೆ, ಅವಳು ಏಪ್ರನ್ ಬಿಚ್ಚದೆ ಸುತ್ತು ಬಳಸಿ ಹೋಗಿ ಹಿಂಗೋಣೆಯ ಬಾಗಿಲು ತಟ್ಟಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಬಾಗಿಲು ತೆರೆದವನು ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ, ತಾಗಿಬಿಡುತ್ತೇನೆಂದು ಹೆದರಿದವನ ಹಾಗೆ.

"ಏನಾದ್ರೂ ತಪ್ಪಾಯ್ತಾ ಅಕ್ಕಾವ್ರೇ?"

"ಇಲ್ಲಣ್ಣ. ನೋಡೋಣ ಅಂತ ಬಂದೆ."

ಕೋಣೆ ಅವಳು ಊಹಿಸಿದ್ದ ಹಾಗಿರಲಿಲ್ಲ. ನೆಲ ತೊಳೆದು ಒರೆಸಿ ಫಳಫಳ ಇತ್ತು. ಕಿಟಕಿಯ ಬಳಿ ಒಂದು ಕುರ್ಚಿ, ಗೂಟಕ್ಕೆ ಮಡಚಿ ಹಾಕಿದ ಅಂಗಿ. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಒಳಗೆ ಆ ದಿನದ ಕೊನೆಯ ಮರಿಗಳು ಹಳದಿ ಹಾಸಿನಂತೆ ಒಂದಕ್ಕೊಂದು ಒತ್ತಿ ನಿಂತು ಕಿಚಿಗುಡುತ್ತಿದ್ದವು. ಬೆಚ್ಚಗಿರಲೆಂದು ಮೇಲೊಂದು ಬಲ್ಬು ಉರಿಯುತ್ತಿತ್ತು.

"ಬಲ್ಬು ಯಾಕೆ?" ಎಂದಳು.

"ಚಳಿಗೆ ನಡುಗ್ತಾವೆ. ತುಂಬೋ ತನಕ ಕಾಯ್ಬೇಕಲ್ಲ" ಎಂದ ಅವನು. "ಕಂಪನಿಯೋರು ಹಾಕಿದ್ದಲ್ಲ, ನಾನೇ ಹಾಕಿದ್ದು."

ಪಕ್ಕದಲ್ಲಿ ಚಿಕ್ಕದೊಂದು ರಟ್ಟಿನ ಡಬ್ಬಿಯಿತ್ತು. ಅದರಲ್ಲಿ ಮೂರು ಮರಿಗಳು. ಬೆರಳಕ್ಕನ ಕೈ ತಾನಾಗಿಯೇ ಒಂದನ್ನು ಎತ್ತಿ ರೆಕ್ಕೆ ಬಿಡಿಸಿತು. ಒಂದು ಗರಿ ಉದ್ದ, ಒಂದು ಗಿಡ್ಡ. ಎರಡನೆಯದೂ ಹಾಗೇ. ಮೂರನೆಯದೂ.

"ಇವು ಹೆಣ್ಣು" ಎಂದಳು. "ನಾನು ಕಳಿಸಿದ್ದಾ?"

ಅವನಿಗೆ ಮುಜುಗರವಾಯಿತು. "ಸಾವಿರದಲ್ಲಿ ಒಂದು ಬರತ್ತೆ ಅಕ್ಕಾವ್ರೇ. ದೊಡ್ಡದೇನಲ್ಲ. ಕಾಯೋ ಹೊತ್ತಲ್ಲಿ ಕೈ ಸುಮ್ನಿರಲ್ಲ ನೋಡಿ, ರೆಕ್ಕೆ ಬಿಡಿಸಿ ನೋಡ್ತಾ ಕಲ್ತೆ. ಸಿಕ್ಕಿದ್ದನ್ನ ಸಂಜೆ ಪ್ಯಾಕಿಂಗ್ ಬಾಗಿಲ ಹತ್ರ ಇಟ್ಟು ಬರ್ತೀನಿ. ಅವರು ಎತ್ಕೋತಾರೆ."

"ಎಷ್ಟು ವರ್ಷದಿಂದ?"

"ಹತ್ತೊಂಬತ್ತು."

ಅವಳು ಕುರ್ಚಿಯ ಮೇಲೆ ಕುಳಿತುಬಿಟ್ಟಳು. ತನ್ನ ಹೆಸರು, ನೂರಕ್ಕೆ ಒಂದೂ ತಪ್ಪದ ಕೈ ಎಂಬ ಆ ಹಿರಿಮೆ, ಅದರ ಒಂದು ತುದಿ ಈ ಕೋಣೆಯಲ್ಲಿತ್ತು. ಅದನ್ನು ಹಿಡಿದಿದ್ದವನು ಯಾರಿಗೂ ಒಂದು ಮಾತು ಹೇಳಿರಲಿಲ್ಲ.

"ನಿಮಗೆ ಏನೂ ಅನಿಸಲ್ವಾ, ಗುಂಡಿ ಒತ್ತುವಾಗ?" ಎಂದು ಕೇಳಿದಳು.

ಅವನು ರಟ್ಟಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಮೊದಮೊದಲು ಊಟ ಸೇರ್ತಿರಲಿಲ್ಲ. ಆಮೇಲೆ ಸೇರ್ತು. ಸೇರ್ತಲ್ಲ ಅಂತ ಒಂದಿಷ್ಟು ದಿನ ಬೇಜಾರಾಯ್ತು. ಈಗ ಒಂದು ಮಾಡ್ತೀನಿ. ಮುಚ್ಚಳ ಹಾಕೋ ಮುಂಚೆ ಒಂದ್ಸಲ ಪೂರ್ತಿ ನೋಡ್ತೀನಿ. ಹುಟ್ಟಿದ್ದನ್ನ ಒಬ್ರಾದ್ರೂ ನೋಡಿರಬೇಕಲ್ವಾ?"

ಬೆರಳಕ್ಕ ಎದ್ದು ಪೆಟ್ಟಿಗೆಯ ಅಂಚು ಹಿಡಿದು ನಿಂತು ನೋಡಿದಳು. ಅವನು ಮುಚ್ಚಳ ಹಾಕಿದ, ಗುಂಡಿ ಒತ್ತಿದ. ಕಿಚಿಪಿಚಿ ಇನ್ನೂ ಕೇಳುತ್ತಿತ್ತು, ಆಮೇಲೆ ಕಮ್ಮಿಯಾಯಿತು, ಆಮೇಲೆ ಇರಲಿಲ್ಲ. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ಕಂಡೂ ಕಾಣದವನಂತೆ ಅವನು ಬಲ್ಬು ಆರಿಸಿದ.

ಮರುದಿನ ಊಟದ ಹೊತ್ತಿಗೆ ಅವಳು ಡಬ್ಬಿ ಹಿಡಿದುಕೊಂಡು ಕೊನೆಯ ಮೇಜಿಗೆ ನಡೆದಳು. ಹಾಲ್‌ನಲ್ಲಿ ಚಮಚಗಳ ಸದ್ದು ನಿಂತಿತು. ಹಿಂಗೋಣೆಯವನು ಎದ್ದು ನಿಂತ, ಜಾಗ ಬಿಟ್ಟುಕೊಡಬೇಕೇನೋ ಎಂದುಕೊಂಡು. "ಕೂತ್ಕೊಳ್ಳಿ ಅಣ್ಣ, ನಾನೇನು ಮೇಜು ಹೊತ್ಕೊಂಡು ಹೋಗೋಕೆ ಬಂದಿಲ್ಲ" ಎಂದಳು. ಅವನು ಕುಳಿತ. ಮೊದಲ ದಿನವೆಲ್ಲ ಅವನ ಮಗಳ ಪರೀಕ್ಷೆಯ ಮಾತೇ ಆಯಿತು. ಅವನಿಗೆ ಮಗಳಿದ್ದಾಳೆಂಬುದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪ್ಯಾಕಿಂಗಿನ ಹೆಂಗಸೊಬ್ಬಳು ಸಂಜೆ ಅವಳನ್ನು ತಡೆದು ಕೇಳಿದಳು: "ಅಲ್ಲಕ್ಕಾ, ನಿಮಗೆ ಹೇಸಿಗೆ ಆಗಲ್ವಾ?"

"ಅವನ ಕೈಗೆ ಕಳಿಸಿದ್ದು ನನ್ನ ಕೈ" ಎಂದಳು ಬೆರಳಕ್ಕ. "ಹೇಸಿಗೆ ಅಂದ್ರೆ ನನ್ನ ಜೊತೆಗೂ ಕೂರಬೇಡ."

ಆ ಹೆಂಗಸು ಎರಡು ವಾರ ಮಾತು ಬಿಟ್ಟಳು. ಆಮೇಲೆ ತಾನೂ ಬಂದು ಆ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತಳು. ಉಳಿದವರು ಬರಲಿಲ್ಲ. ಬರದಿದ್ದವರನ್ನು ಬೆರಳಕ್ಕ ದೂರಲಿಲ್ಲ. ತಾನೇ ಇಪ್ಪತ್ತಾರು ವರ್ಷ ತೆಗೆದುಕೊಂಡಿದ್ದಳಲ್ಲ.

ಐದು ತಿಂಗಳಿಗೆ ಯಂತ್ರ ಬಂತು. ಬೆಲ್ಟು ಬಿಚ್ಚಿ ಒಯ್ದರು, ಗೋಡೆಯ ಕಿಂಡಿಗೆ ಇಟ್ಟಿಗೆ ಕಟ್ಟಿ ಸುಣ್ಣ ಬಳಿದರು. ಹಿಂಗೋಣೆಯವನಿಗೆ ಲಾರಿಗೆ ಸರಕು ತುಂಬುವ ಕಡೆ ಕೆಲಸ ಕೊಟ್ಟರು. ಬೆರಳಕ್ಕನಿಗೆ ಲಸಿಕೆ ಹಾಕುವ ವಿಭಾಗ ತೋರಿಸಿದರು. ಅವಳು ಒಂದು ವರ್ಷ ಮಾಡಿ, ಕಣ್ಣು ಸಾಕೆಂದಿತು ಎಂದು ಬಿಟ್ಟಳು. ಹೊಸ ಯಂತ್ರ ನೋಡಿ ಅವಳಿಗೆ ಹೊಟ್ಟೆಕಿಚ್ಚೇನೂ ಆಗಲಿಲ್ಲ. ಖುಷಿಯಾಯಿತು ಎಂದರೂ ಸುಳ್ಳಾದೀತು. ನೂರಾರು ಹೆಂಗಸರ ಕೈಯಲ್ಲಿದ್ದ ಒಂದು ವಿದ್ಯೆ ಹೇಳದೆ ಕೇಳದೆ ಮುಗಿದುಹೋಗಿತ್ತು. ಮರಿಗಳು ಸಾಯುವುದು ನಿಂತ ನಿರಾಳ, ವಿದ್ಯೆ ಹೋದ ನೋವು, ಎರಡೂ ಅವಳ ಎದೆಯಲ್ಲಿ ಜೊತೆಗೇ ಇದ್ದವು.

ಈಗ ಮೊಮ್ಮಗಳಿಗೆ ಹನ್ನೊಂದು ವರ್ಷ. ಮೊನ್ನೆ ಶಾಲೆಯಲ್ಲಿ ಯಾರೋ ಏನೋ ಹೇಳಿದ್ದನ್ನು ಕೇಳಿಕೊಂಡು ಬಂದು, ಬ್ಯಾಗನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಜ್ಜಿ, ಗಂಡುಮರಿಗಳನ್ನ ಹುಟ್ಟಿದ ದಿನವೇ ಸಾಯಿಸ್ತಿದ್ರಂತೆ. ನಿಜನಾ?"

"ನಿಜ."

"ನೀನೂ ಆ ಕೆಲಸ ಮಾಡ್ತಿದ್ಯಾ?"

ಅಜ್ಜ ಒಳಗಿನಿಂದ ಏನೋ ತಮಾಷೆ ಹೇಳಲು ಬಾಯಿ ತೆರೆದ. ಬೆರಳಕ್ಕ ಕೈಯೆತ್ತಿ ತಡೆದಳು.

"ಮಾಡ್ತಿದ್ದೆ ಮಗು. ಇಪ್ಪತ್ತಾರು ವರ್ಷ ಮಾಡಿದೆ. ಬಹಳ ಚೆನ್ನಾಗಿ ಮಾಡ್ತಿದ್ದೆ."

"ತಪ್ಪು ಅಂತ ಗೊತ್ತಿರಲಿಲ್ವಾ?"

"ಕಣ್ಣು ಆ ಕಡೆ ಹೋಗದ ಹಾಗೆ ನೋಡ್ಕೋತಿದ್ದೆ. ಅಂದಮೇಲೆ ಎಲ್ಲೋ ಗೊತ್ತಿತ್ತು ಅಂತಲೇ ಅರ್ಥ."

ಹುಡುಗಿ ಅವಳ ಮುಖವನ್ನೇ ನೋಡುತ್ತ ನಿಂತಳು. ಸಿಟ್ಟಿನಲ್ಲೇ ಬ್ಯಾಗು ಇಳಿಸಿದಳು, ಸಿಟ್ಟಿನಲ್ಲೇ ಕೈತೊಳೆದು ಬಂದಳು. ಆಮೇಲೆ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಮೊದಲಿಂದ ಹೇಳು" ಎಂದಳು. ಬೆರಳಕ್ಕ ಒಲೆ ಆರಿಸಿ ಮೊದಲಿನಿಂದ ಹೇಳತೊಡಗಿದಳು.