ನ್ಯೂಯಾರ್ಕಿನಲ್ಲಿ ಅಕ್ಕನ ಕೆಂಪು ಹೂ

ಸಸ್ಯವಿಜ್ಞಾನಿಯಾಗಿದ್ದ, ಈಗಿಲ್ಲದ ನಮ್ಮಕ್ಕ ಹಿಮಾಲಯದಲ್ಲಿ ಒತ್ತಿ ಒಣಗಿಸಿದ ಹೂವೊಂದು ನ್ಯೂಯಾರ್ಕಿನ ಸಸ್ಯಸಂಗ್ರಹಾಲಯದಲ್ಲಿದೆ. ಈಗದು ಚಹಾಪುಡಿಯ ಬಣ್ಣಕ್ಕೆ ತಿರುಗಿದೆ. ಜೊತೆಗಿರುವ ಟಿಪ್ಪಣಿ ಕನ್ನಡದ್ದು. ಅದನ್ನು ಓದಿಹೇಳಲೆಂದೇ ಬೆಳಿಗ್ಗೆ ಜರ್ಸಿ ಸಿಟಿಯಿಂದ ರೈಲು ಹತ್ತಿ ಬಂದೆ.

ಇಲ್ಲಿನ ಸಹಾಯಕಿ ಮಾಯಾ ಅಮೆರಿಕದಲ್ಲೇ ಹುಟ್ಟಿದವಳು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು.

“ಆಂಟಿ, ಫ್ರೆಶ್ ಇದ್ದಾಗ ಕಲರ್ ಏನಿತ್ತು? ಅದೊಂದೇ ಗೊತ್ತಾಗ್ತಿಲ್ಲ.”

ಓದಿದೆ: ‘ಹಿಮ ಕರಗಿದ ಜಾಗ. ಹೂವು ಇಳಕಲ್ ಸೀರೆಯ ಸೆರಗಿನಷ್ಟು ಕೆಂಪು.’

“ಅಂದ್ರೆ ಯಾವ ರೆಡ್?”

ಅಕ್ಕ ಕೊಟ್ಟ ಇಳಕಲ್ ಸೀರೆಯನ್ನೇ ಉಟ್ಟಿದ್ದೆ. ಕೋಟು ಬಿಚ್ಚಿ ಮೇಜಿನ ಮೇಲೆ ಸೆರಗು ಹರಡಿದೆ. ಮಾಯಾ ಬಣ್ಣ ಹೋಲಿಸುವ ಪಟ್ಟಿ ತಂದು ಅದರ ಪಕ್ಕ ಹಿಡಿದಳು. ಅವಳ ಮೇಲಧಿಕಾರಿ ಎದ್ದು ಬಂದು ದೀಪವನ್ನು ಇತ್ತ ತಿರುಗಿಸಿದ.

“ಸ್ವಲ್ಪ ಅಲುಗಾಡಬೇಡಿ, ಆಂಟಿ.”

ಫೋಟೊಗೆ ಅಕ್ಕ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತೆ.