ಒಗೆದದ್ದನ್ನೇ ಒಗೆದವಳು

ಆ ವಿಶ್ವವಿದ್ಯಾಲಯದಲ್ಲಿ ಅವಳಷ್ಟು ಶುಭ್ರವಾದ ಬಟ್ಟೆ ತೊಟ್ಟವರು ಇನ್ನೊಬ್ಬರಿರಲಿಲ್ಲ. ಅವಳ ಕಡುನೀಲಿ ಅಂಗಿ ಒಗೆತಕ್ಕೆ ಸಿಕ್ಕಿ ಸಿಕ್ಕಿ ಮೊದಲು ತಿಳಿನೀಲಿಯಾಯಿತು, ಆಮೇಲೆ ಹಾಲಿನ ಬಣ್ಣಕ್ಕೆ ಬಂತು. ಕೊನೆಗೆ ಅದನ್ನು ತೂಗುಹಾಕಿದರೆ ಹ್ಯಾಂಗರು ಮಾತ್ರ ಕಾಣುತ್ತಿತ್ತು. ಟವೆಲ್ಲಂತೂ ಎಷ್ಟು ಸವೆದಿತ್ತೆಂದರೆ, ಮುಖದ ಮೇಲೆ ಹೊದ್ದುಕೊಂಡೇ ಪೇಪರ್ ಓದಬಹುದಿತ್ತು. ಹಾಸ್ಟೆಲಿನವರು ಅವಳಿಗೆ ಗರಿಗರಿ ಎಂದು ಹೆಸರಿಟ್ಟರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು.

ಶುಚಿತ್ವದ ಹುಚ್ಚಿ ಎಂದುಕೊಂಡವರೇ ಹೆಚ್ಚು. ಹುಡುಗಿಗೆ ಇದ್ದದ್ದು ಭಯ.

ಸೇತುವೆ ಕಟ್ಟುವ ವಿದ್ಯೆ ಕಲಿಸುವ ವಿಭಾಗ ಅದು. ದೇಶಕ್ಕೆ ದೇಶವೇ ಪ್ರವೇಶ ಪರೀಕ್ಷೆ ಬರೆದು, ಒಂದು ಬಸ್ಸಿಗಾಗುವಷ್ಟು ಜನ ಒಳಗೆ ಬರುತ್ತಿದ್ದರು. ಗರಿಗರಿಯ ಅಪ್ಪ ಬಸ್ ಕಂಡಕ್ಟರ್. ಮಗಳ ಸುದ್ದಿ ತಿಳಿದ ದಿನ ಅವರು ಡ್ಯೂಟಿಯ ಮೇಲೇ "ಸೀಟು ಸಿಕ್ತು, ಸೀಟು ಸಿಕ್ತು!" ಎಂದು ಕೂಗಿ, ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡಿದ್ದರು.

ಸಿಕ್ಕ ಸೀಟಿನಲ್ಲಿ ಮೊದಲ ವಾರವೇ ಮುಳ್ಳು ಎದ್ದಿತು. ಊರಿನಲ್ಲಿ ಅವಳು ಕ್ಲಾಸಿಗೆ ಮೊದಲಿಗಳು. ಇಲ್ಲಿ ಕೂತವರೆಲ್ಲ ಮೊದಲಿಗರೇ. ಮೇಷ್ಟ್ರು ಬೋರ್ಡು ತುಂಬಿಸಿ ಹಿಂದಿರುಗಿ ನೋಡಿದಾಗ ಎಲ್ಲರೂ ತಲೆಯಾಡಿಸಿದರು. ಅವಳೂ ಆಡಿಸಿದಳು. ಅವಳಿಗೆ ಅರ್ಥವಾಗಿದ್ದು ಬೋರ್ಡಿನ ಬಣ್ಣವೊಂದೇ. ಅಂದಿನಿಂದ ಹೊಟ್ಟೆಯೊಳಗೆ ಯಾರೋ ತಣ್ಣನೆಯ ಕೈ ಇಟ್ಟು ತೆಗೆಯಲು ಮರೆತ ಹಾಗಾಯಿತು. ಬಾಗಿಲು ತಟ್ಟಿದ ಸದ್ದಾದರೆ ಸಾಕು, ಆಫೀಸಿನವರು ಬಂದು "ತಪ್ಪಾಗಿ ಸೇರಿಸ್ಕೊಂಡ್ಬಿಟ್ವಿ ಕಣಮ್ಮ, ಪೆಟ್ಟಿಗೆ ಕಟ್ಟು" ಅನ್ನುತ್ತಾರೆಂದು ಪೆಟ್ಟಿಗೆಯ ಕಡೆ ನೋಡುತ್ತಿದ್ದಳು. ಬಂದವಳು ನೋಡಿದರೆ ಸೋಪು ಕೇಳಲು ಬಂದ ಪಕ್ಕದ ರೂಮಿನವಳು.

ಲೈಬ್ರರಿಯಲ್ಲಿ ಗುಂಪಿನೊಡನೆ ಕೂತರೆ ತನ್ನ ದಡ್ಡತನ ಬಯಲಾದೀತೆಂಬ ಭಯ. ಟೆರೇಸಿನಲ್ಲಿ ರೂಮಿನವಳ ಗೆಳತಿಯರ ಜೊತೆ ನಗುತ್ತಾ ಕೂತರೆ, ಓದದೆ ಹಾಳಾಗುತ್ತಿದ್ದೇನೆಂಬ ಭಯ. ಹಾಗಾಗಿ ಲೈಬ್ರರಿಯವರಿಗೆ "ಫ್ರೆಂಡ್ಸ್ ಕಾಯ್ತಿದಾರೆ" ಅಂದಳು, ಟೆರೇಸಿನವರಿಗೆ "ಓದೋದಿದೆ ಕಣ್ರೇ" ಅಂದಳು. ಎರಡೂ ಕಡೆಯಿಂದ ತಪ್ಪಿಸಿಕೊಂಡವಳಿಗೆ ಉಳಿದದ್ದು ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಹುಡುಗ ಹುಡುಗಿಯರೆಲ್ಲರಿಗೂ ಸೇರಿದ ಬಟ್ಟೆ ಒಗೆಯುವ ರೂಮು.

ಕಿಟಕಿಯಿಲ್ಲದ ರೂಮು. ಗೋಡೆಗೆ ಸಾಲಾಗಿ ವಾಷಿಂಗ್ ಮೆಷಿನ್ನುಗಳು, ಬೆಚ್ಚನೆಯ ಸೋಪಿನ ವಾಸನೆ, ಕಾಲು ಮುರಿದ ಒಂದು ಬೆಂಚು. ಸುಮ್ಮನೆ ಕೂತರೆ ಯಾರಾದರೂ ಕೇಳುತ್ತಾರೆ; ಬಟ್ಟೆ ತಿರುಗುತ್ತಿದ್ದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಒಗೆದದ್ದನ್ನೇ ಒಗೆದಳು. ತೊಡೆಯ ಮೇಲೆ ಪುಸ್ತಕ ತೆರೆದಿರುತ್ತಿತ್ತು, ಕಣ್ಣು ಗಾಜಿನ ಬಾಗಿಲಿನೊಳಗೆ ಏಳುತ್ತಾ ಬೀಳುತ್ತಾ ಇದ್ದ ಒಂಟಿ ಕಾಲುಚೀಲದ ಮೇಲಿರುತ್ತಿತ್ತು. ಮೂಲೆಯ ಮೆಷಿನ್ನಿಗಂತೂ ದೆವ್ವ ಮೆಟ್ಟಿತ್ತು. ಹಿಂಡುವ ಹೊತ್ತಿಗೆ ಅದು ಕುಣಿದು ಕುಪ್ಪಳಿಸಿ, ಬಿಟ್ಟರೆ ಮೆಟ್ಟಿಲು ಹತ್ತಿ ಡಿಗ್ರಿ ತೆಗೆದುಕೊಂಡೇ ಬರುವಂತಿತ್ತು.

ಭಾನುವಾರ ಮನೆಯಿಂದ ಫೋನು. ಅಮ್ಮ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು; ಫೋನಿನಲ್ಲೂ ಮಗಳ ಕಣ್ಣು ನೋಡುವವರು.

"ಓದ್ತಾ ಇದೀಯೇನೇ?"

"ಹೂಂ ಅಮ್ಮ."

ಅಪ್ಪ ಫೋನು ಕಿತ್ತುಕೊಳ್ಳುತ್ತಿದ್ದರು. "ಬರೀ ಪುಸ್ತಕ ಕಚ್ಕೊಂಡು ಕೂರ್ಬೇಡ ಮಗಳೇ. ನಾಲ್ಕು ಜನರ ಜೊತೆ ಬೆರಿ."

"ಹೂಂ ಅಪ್ಪ."

"ಅದೇನದು ಹಿಂದೆ ಗಡಗಡ ಸದ್ದು?"

"ಫ್ರೆಂಡ್ಸ್ ಅಪ್ಪ."

ಟರ್ಮಿನ ಕೊನೆಗೆ ಮೌಖಿಕ ಪರೀಕ್ಷೆ ಬಂತು. ಮೂವರಿಗೆ ಒಂದು ಸೇತುವೆ, ಮೂವರಿಗೂ ಸೇರಿ ಒಂದೇ ಅಂಕ. ಫೇಲಾದರೆ ಮೂವರ ಸೀಟೂ ಹೋದಂತೆ. ಪರೀಕ್ಷೆ ಮಾಡುವ ಮೇಡಂ ಏನು ಉತ್ತರ ಕೊಟ್ಟರೂ "ಆಮೇಲೆ?" ಅನ್ನುವವರು. ಹಿಂದೆ ಒಬ್ಬ ಅವರ "ಆಮೇಲೆ?"ಗಳಿಗೆ ಉತ್ತರ ಕೊಡುತ್ತಾ ಕೊಡುತ್ತಾ ಕೆಲಸ ಹಿಡಿದು, ಮದುವೆಯಾಗಿ, ಮೊಮ್ಮಕ್ಕಳನ್ನು ಎತ್ತಿಕೊಂಡು ಹೊರಬಂದನೆಂದು ಹಾಸ್ಟೆಲಿನಲ್ಲಿ ಪ್ರತೀತಿ.

ಗರಿಗರಿಯ ಗುಂಪಿನಲ್ಲಿದ್ದವರು ಗಿರಣಿ ಮತ್ತು ಕಂಬ; ಅವೂ ಹಾಸ್ಟೆಲಿನವರಿಟ್ಟ ಹೆಸರುಗಳೇ. ಗಿರಣಿಯ ಬಾಯಿ ನಿಲ್ಲುತ್ತಿರಲಿಲ್ಲ. ಕಂಬ ಉದ್ದಕ್ಕಿದ್ದ, ತುಟಿ ಬಿಚ್ಚುತ್ತಿರಲಿಲ್ಲ, ಓದಲು ಕರೆದಾಗಲೆಲ್ಲ "ಫುಟ್‌ಬಾಲ್ ಇದೆ" ಎಂದು ಜಾಗ ಖಾಲಿ ಮಾಡುತ್ತಿದ್ದ. ಕೆಲಸ ಹಂಚಿದವಳು ಗಿರಣಿಯೇ.

"ಗಾಳಿಗೆ ಸೇತುವೆ ತೂಗಾಡೋ ಲೆಕ್ಕ ಎಲ್ಲಕ್ಕಿಂತ ಕಷ್ಟ. ಅದು ಗರಿಗರಿಗೆ. ನೀನು ನಮ್ಮನ್ನ ಬಿಟ್ಟು ಇನ್ಯಾವುದೋ ಬುದ್ಧಿವಂತರ ಗುಂಪಲ್ಲಿ ಓದ್ತೀಯಲ್ಲ, ಆಗುತ್ತೆ ತಾನೇ?"

ಇಲ್ಲ ಅನ್ನಲು ಬಾಯಿ ತೆರೆದಳು. "ಆಯ್ತು" ಎಂಬ ಮಾತು ಹೊರಬಂತು.

ತಾನೊಬ್ಬಳು ಮನೆಗೆ ಹೋದರೆ ಹೋಗಲಿ. ಇಬ್ಬರನ್ನು ಕಟ್ಟಿಕೊಂಡು ಮುಳುಗುತ್ತೇನಲ್ಲ ಎಂಬುದೇ ಅವಳ ಚಿಂತೆ. ಪುಸ್ತಕದ ಆ ಪುಟವನ್ನು ಎಷ್ಟು ಸಲ ತೆರೆದಳೆಂದರೆ, ಪುಟವೇ ಅವಳ ಮುಖ ನೋಡಿ ಬೇಸತ್ತಿತು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಅವಳು ನೆಲಮಾಳಿಗೆಯಲ್ಲಿದ್ದಾಗ ಬಾಗಿಲು ತೆರೆಯಿತು. ಕಂಬ ಬಗ್ಗಿ ಒಳಗೆ ಬಂದ. ಅವಳನ್ನು ನೋಡದೆ ಮೂಲೆಯ ಮೆಷಿನ್ನಿನ ಬಾಗಿಲು ತೆಗೆದು ಚೀಲದಿಂದ ಅಂಗಿಗಳನ್ನು ಎತ್ತಿದ. ಇಸ್ತ್ರಿ ಮಾಡಿ, ಮಡಿಸಿ, ಗುಂಡಿ ಹಾಕಿದ್ದ ಅಂಗಿಗಳು. ಬೇರೆ ಯಾರಾದರೂ ಆಗಿದ್ದರೆ ಇವನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಗರಿಗರಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು.

"ಫುಟ್‌ಬಾಲ್ ಇರ್ಲಿಲ್ವಾ?" ಅಂದಳು.

ಕಂಬ ಅಲುಗಾಡಿದ. "ನಿನ್... ನಿನ್ನ ಬುದ್ಧಿವಂತರ ಗುಂಪು?"

ಅವಳು ಮೆಷಿನ್ನುಗಳ ಕಡೆ ಕೈ ತೋರಿಸಿದಳು.

"ನಂಗೆ ನನ್ನ ಭಾಗವೇ ಪೂರ್ತಿ ಬರಲ್ಲ ಕಣೇ," ಅಂದ ಅವನು, ಅಂಗಿಗಳನ್ನು ಮೆಷಿನ್ನಿಗೆ ತುರುಕಿ, ಅದನ್ನು ಚಾಲೂ ಮಾಡಿ, ಬೆಂಚಿನ ಮೇಲೆ ಕುಸಿದು. "ನಿಂಗೆ ಬರುತ್ತೆ, ಹೆಂಗೋ ದಾಟ್ಕೋತೀವಿ ಅಂದ್ಕೊಂಡಿದ್ದೆ."

ಭಯ ಹಂಚಿಕೊಂಡರೆ ಅರ್ಧವಾಗುತ್ತದೆ ಅನ್ನುತ್ತಾರೆ. ಶುದ್ಧ ಸುಳ್ಳು. ಅದು ಅಲ್ಲೇ ಮರಿ ಹಾಕಿತು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಗಿರಣಿ. "ಎಲ್ಲಿ ಸತ್ರೇ ಇಬ್ರೂ? ನಾಳೆ ಪರೀಕ್ಷೆ!"

ಫ್ರೆಂಡ್ಸ್ ಕಾಯ್ತಿದಾರೆ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಗರಿಗರಿ ಕಣ್ಣು ಮುಚ್ಚಿಕೊಂಡಳು. "ಬಟ್ಟೆ ಒಗೆಯೋ ರೂಮಲ್ಲಿದೀವಿ. ಗಾಳಿ ಲೆಕ್ಕ ನಂಗೆ ಬರಲ್ಲ. ಮೊದಲಿಂದ್ಲೂ ಬರಲ್ಲ."

ಗಿರಣಿ ಹುಟ್ಟಿದ ಮೇಲೆ ಮೊದಲ ಸಲ ನಿಂತಿತು.

ಮತ್ತೆ ಶುರುವಾದದ್ದು ನೆಲಮಾಳಿಗೆಯ ಮೆಟ್ಟಿಲ ಮೇಲೆ. "ನಾಳೆ ನೇಣಿಗೆ ಹೋಗೋರು ಇವತ್ತು ಹೇಳ್ತೀರಾ? ನಮ್ಮಮ್ಮಂಗೆ ಏನಂತ ಹೇಳ್ಲಿ? ಬಟ್ಟೆ ಬೆಳ್ಳಗಾಯ್ತು, ಸೀಟು ಹೋಯ್ತು ಅಂತನಾ?" ಅವಳ ಕಣ್ಣಲ್ಲಿ ನೀರಿತ್ತು. ಬೈದು ಮುಗಿಸಿ ನೆಲದ ಮೇಲೇ ಕೂತು ಪುಸ್ತಕ ಬಿಚ್ಚಿದಳು. "ಕೂತ್ಕೊಳ್ರೋ. ಮೊದಲ ಸಾಲಿಂದ."

ಮೊದಲ ಸಾಲು ಮುಗಿಯುವಷ್ಟರಲ್ಲಿ ಮೂಲೆಯ ಮೆಷಿನ್ನು ಹಿಂಡಲು ಹೊರಟು ದಡಬಡ ಕುಣಿಯಿತು. ಗಿರಣಿ ಹಾರಿ ಕಂಬನ ತೋಳು ಹಿಡಿದಳು. "ಅಯ್ಯೋ, ಆಫ್ ಮಾಡೋ ಅದನ್ನ!"

"ಬಿಡೇ, ಈಗ ಸುಮ್ನಾಗುತ್ತೆ," ಅಂದಳು ಗರಿಗರಿ. "ನಿಧಾನಕ್ಕಿದ್ದಾಗ ಅಲ್ಲಾಡಲ್ಲ. ತೀರಾ ಜೋರಾದ್ರೂ ಅಲ್ಲಾಡಲ್ಲ. ನಡುವೆ ಒಂದು ವೇಗ ಇದೆ, ಅದಕ್ಕೆ ಹೊಂದ್ಕೊಂಡಾಗ ಮಾತ್ರ ಹಿಂಗೆ..."

ಹೇಳುತ್ತಾ ಹೇಳುತ್ತಾ ನಿಂತಳು. ಪುಸ್ತಕ ನೋಡಿದಳು. ಮೆಷಿನ್ನು ನೋಡಿದಳು. ಅವಳು ಹೇಳಿದ ಹಾಗೇ ಅದು ಸುಮ್ಮನಾಗಿತ್ತು.

"ಇನ್ನೊಂದ್ ಸಲ ತಿರುಗ್ಸು," ಅಂದಳು ಗಿರಣಿ ಮೆಲ್ಲಗೆ.

ಕಂಬನ ಅಂಗಿಗಳು ಅಂದು ಕಂಡ ನೀರನ್ನು ಮೀನೂ ಕಂಡಿರಲಿಕ್ಕಿಲ್ಲ.

ಮರುದಿನ ಪರೀಕ್ಷೆಯ ಕೊಠಡಿಯಲ್ಲಿ ಮೂವರೂ ಬೋರ್ಡಿನ ಪಕ್ಕ ಸಾಲಾಗಿ ನಿಂತರು. ಮೇಡಂ ಪೆನ್ನಿನ ತುದಿಯನ್ನು ಗರಿಗರಿಯ ಕಡೆ ತಿರುಗಿಸಿದರು. "ಗಾಳಿ. ಹೇಳು."

ಹೇಳಿದಳು. ಗಾಳಿಯ ತಳ್ಳಾಟವೂ ಸೇತುವೆಯ ತೂಗಾಟವೂ ಒಂದೇ ಲಯಕ್ಕೆ ಬಂದರೆ ಆ ತೂಗಾಟ ಹೆಚ್ಚುತ್ತಾ ಹೋಗುತ್ತದೆ ಎಂದಳು.

"ಆಮೇಲೆ?"

ಲೆಕ್ಕ ಬರೆದು ತೋರಿಸಿದಳು. ಬೆವರಿನಿಂದ ಸೀಮೆಸುಣ್ಣ ಜಾರಿತು.

"ಆಮೇಲೆ? ಗಾಳಿ ಇನ್ನೂ ಜೋರಾದ್ರೆ?"

ವೇಗ ಹೆಚ್ಚಿದಾಗ ಮೆಷಿನ್ನು ಸುಮ್ಮನಾಗಿತ್ತು. ಸೇತುವೆ? ತಲೆಯಾಡಿಸಿಬಿಡಲೇ ಅನ್ನಿಸಿತು, ಮೊದಲ ವಾರದ ಹಾಗೆ.

"ಅದು ಗೊತ್ತಿಲ್ಲ ಮೇಡಂ."

ಗಿರಣಿ ಉಸಿರು ಬಿಟ್ಟದ್ದು ಕೇಳಿಸಿತು. ಮೇಡಂ ಅವರ ಪೆನ್ನು ಕಂಬನ ಕಡೆ ತಿರುಗಿತು. "ಇವಳಿಗೆ ಎಲ್ಲಿವರೆಗೆ ಗೊತ್ತು, ಎಲ್ಲಿಂದ ಗೊತ್ತಿಲ್ಲ? ನೀನು ಹೇಳು."

"ಕುಣಿಯೋದು ಯಾಕೆ ಅನ್ನೋದು ಗೊತ್ತು ಮೇಡಂ," ಅಂದ ಕಂಬ. "ಮೆಷಿನ್ ಸುಮ್ನಾದ್ಮೇಲೆ ಸೇತುವೆನೂ ಸುಮ್ನಾಗುತ್ತಾ ಅನ್ನೋದು ಗೊತ್ತಿಲ್ಲ. ನಮಗ್ಯಾರಿಗೂ ಗೊತ್ತಿಲ್ಲ."

"ಯಾವ ಮೆಷಿನ್?"

ಗಿರಣಿ ಕಂಬನ ಕಾಲು ತುಳಿದಳು. ಮೇಡಂ ಏನೋ ಬರೆದುಕೊಂಡರು. "ಆಮೇಲೆ?" ಅನ್ನಲಿಲ್ಲ.

ಪಾಸಾದರು, ಕೂದಲೆಳೆಯ ಅಂತರದಲ್ಲಿ. ಮುಂದಿನ ಟರ್ಮಿನ ಪಟ್ಟಿ ಬಾಗಿಲಿಗೆ ಅಂಟಿಸಿದಾಗ ಅದರಲ್ಲಿ ಎರಡು ವಿಷಯಕ್ಕೆ ಅದೇ ಮೇಡಂ. ಗರಿಗರಿಯ ಹೊಟ್ಟೆಯೊಳಗಿನ ಕೈ ಇದ್ದಲ್ಲೇ ಇತ್ತು.

ರಜೆಗೆ ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಅಂಗಿಯನ್ನು ಬೆಳಕಿಗೆ ಹಿಡಿದರು. ಎದೆಯ ಮೇಲೆ ಅಂಗೈಯಗಲದ ಚಹಾ ಕಲೆ.

"ಇದೇನೇ ಇದು?"

"ಗಿರಣಿ ಮಾತಾಡ್ತಾ ಮಾತಾಡ್ತಾ ಚೆಲ್ಲಿದ್ಳು, ಲೈಬ್ರರಿ ಮೆಟ್ಟಿಲ ಮೇಲೆ."

"ಒಗೀಬಾರದಾ?"

"ಪುರುಸೊತ್ತಾಗ್ಲಿಲ್ಲಮ್ಮ."