ಮಾಡದ ಪ್ರಯಾಣಕ್ಕೆ ಪ್ರಾಯಶ್ಚಿತ್ತ

ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಂಡ ಎಂಬಂಥ ಕಥೆಗಳನ್ನು ನಾನು ಎಂದೂ ನಂಬಿದವನಲ್ಲ. ಮದ್ರಾಸಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಯಾರಾದರೂ ಇಂಥದ್ದು ಹೇಳಿದರೆ ಪ್ರಶ್ನೆ ಕೇಳಿ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನದೇ ಒಂದನ್ನು ಹೇಳಹೊರಟಿದ್ದೇನೆ. ಓದುಗರೂ ನನ್ನನ್ನು ಹಾಗೆಯೇ ಕೇಳಬಹುದು. ಉತ್ತರ ನನ್ನ ಬಳಿ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ಆ ದಿನದ ಪುಟದಲ್ಲಿ ತಲೆನೋವಿನ ವಿಷಯ ಬಿಟ್ಟರೆ ಏನೂ ಇಲ್ಲ.

ನಮ್ಮದು ಹೊಸಪೇಟೆಯ ವೈಷ್ಣವರ ಮನೆ. ನಾನೂ ದೊಡ್ಡಪ್ಪನ ಮಗ ಸೀನುವೂ ಒಂದೇ ಮನೆಯಲ್ಲಿ ಬೆಳೆದು, ಒಂದೇ ಕಾಲೇಜಿನಲ್ಲಿ ಓದಿದವರು. ಇಂಗ್ಲೆಂಡಿನ ಒಂದು ಊರಿನಲ್ಲಿ ಪರದೇಶದ ವಿದ್ಯಾರ್ಥಿಗಳಿಗಾಗಿ ಬೇಸಿಗೆ ತರಗತಿ ನಡೆಯುತ್ತಿತ್ತು. ಮುಂಬಯಿಯಲ್ಲಿದ್ದ ಚಿಕ್ಕಪ್ಪ ನಮ್ಮಿಬ್ಬರನ್ನೂ ಅಲ್ಲಿಗೆ ಕಳಿಸುವುದಾಗಿ ಹೇಳಿದರು. ಆದರೆ ಅಜ್ಜಿ ಒಪ್ಪಬೇಕಲ್ಲ. ಸಮುದ್ರ ದಾಟಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ ನಮ್ಮಲ್ಲಿ ಪಂಕ್ತಿಯಲ್ಲಿ ಊಟಕ್ಕೆ ಕೂರುವಂತಿರಲಿಲ್ಲ. ಅಜ್ಜಿ ಬಹಳ ದಿನ ಯೋಚಿಸಿ, "ಒಬ್ಬೊಬ್ರು ಒಂದೊಂದ ಸಲ. ಬಂದಕೂಡ್ಲೆ ಪ್ರಾಯಶ್ಚಿತ್ತ. ಎರಡನೇ ಸಲ ಅಂದ್ರ ನನ್ನ ಹೆಣಾ ದಾಟಿ ಹೋಗ್ರಿ" ಎಂದಳು. ಸೀನು ನನಗಿಂತ ಕೆಲವು ತಿಂಗಳು ದೊಡ್ಡವನು. ಅವನು ಮೊದಲು, ಮರುವರ್ಷ ನಾನು ಎಂದಾಯಿತು.

ಅವನು ಅಲ್ಲಿದ್ದಷ್ಟು ದಿನವೂ ನನ್ನ ಎದೆ ಉರಿಯುತ್ತಿತ್ತು. ಅವನ ಕಾಗದಗಳನ್ನು ಮನೆಯವರಿಗೂ ಓಣಿಯವರಿಗೂ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವನು ನದಿಯಲ್ಲಿ ದೋಣಿ ನಡೆಸಿದ್ದು, ಹುಲ್ಲಿನ ಮೇಲೆ ಕೂತು ಹುಡುಗ ಹುಡುಗಿಯರ ಜೊತೆ ಚಹಾ ಕುಡಿದದ್ದು, ಹಳ್ಳಿಯ ಕುಣಿತಕ್ಕೆ ಹೋಗಿ ಹೆಜ್ಜೆ ತಪ್ಪಿದ್ದು. ನಾಟಕದ ಹುಚ್ಚು ನನಗೆ. ಸೀನುವಿಗೆ ನಾಟಕವೆಂದರೆ ನಿದ್ದೆ. ಅಲ್ಲಿ ದೊಡ್ಡ ರಂಗಮಂದಿರದಲ್ಲಿ ನಾಟಕ ನೋಡಿದವನು ಮಾತ್ರ ಅವನು! ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಭಾನುವಾರದ ಮಧ್ಯಾಹ್ನಗಳು. ಅವನಿದ್ದ ಮನೆಯ ಒಡತಿ, ಒಬ್ಬ ವಯಸ್ಸಾದ ಹೆಂಗಸು, ದೇಶದೇಶದ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯುತ್ತಿದ್ದಳು. ಒಬ್ಬೊಬ್ಬರೂ ತಮ್ಮ ನಾಡಿನ ಹಾಡು ಹಾಡಬೇಕು. ಆಕೆ ಪಿಯಾನೋ ನುಡಿಸುತ್ತಿದ್ದಳು. ಆ ಭಾಗ ಬಂದಾಗ ನಾನು ಬೇಗ ಬೇಗ ಓದಿ ಮುಗಿಸುತ್ತಿದ್ದೆ.

ಶ್ರಾವಣದ ಒಂದು ಭಾನುವಾರ ಅಜ್ಜಿಯನ್ನು ಗಾಡಿಯಲ್ಲಿ ಹಂಪಿಗೆ ಕರೆದುಕೊಂಡು ಹೋಗಿದ್ದೆ. ದರ್ಶನವಾದ ಮೇಲೆ ಹೊಳೆಯ ದಂಡೆಯ ಮಂಟಪಕ್ಕೆ ಬಂದೆವು. ಹಿಂದೊಮ್ಮೆ ಅಲ್ಲಿ ನನ್ನ ಹೊಸ ಚಪ್ಪಲಿ ನೀರಿನಲ್ಲಿ ಕೊಚ್ಚಿಹೋಗಿತ್ತು. ಅಂದಿನಿಂದ ಆ ಬಂಡೆಗಳ ಮೇಲೆ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆಯುವುದು ನನ್ನ ರೂಢಿ. ಅಜ್ಜಿಗೆ ಅದು ಹೇಸಿಗೆ. "ತೊಗಲು ಹೊತ್ಕೊಂಡು ನನ್ನ ಹತ್ರ ಬರಬ್ಯಾಡ, ದೂರ ನಿಲ್ಲು" ಎಂದು ಗದರಿದಳು. ನಾನು ಒಂದು ಕಂಬಕ್ಕೆ ಒರಗಿ ನಿಂತೆ. ಹೊತ್ತು ಮುಳುಗುತ್ತಿತ್ತು. ಅಲ್ಲಿ ಈಗ ಊಟದ ಹೊತ್ತು, ಸೀನು ಹಾಡುತ್ತಿರಬೇಕು ಎಂದುಕೊಂಡೆ.

ಆಮೇಲೆ ಆದದ್ದು ಇಷ್ಟು. ಕಾಲ ಕೆಳಗಿನ ಕಲ್ಲು ಬಿಸಿಯಾಗಿದ್ದದ್ದು ಒಮ್ಮೆಲೇ ತಣ್ಣಗೆ, ನುಣ್ಣಗೆ, ಮರದ ಹಲಗೆಯಂತಾಯಿತು. ಕಲ್ಲಿದ್ದಲಿನ ಹೊಗೆ, ಕಾದ ಬೆಣ್ಣೆಯ ವಾಸನೆ. ಕುರ್ಚಿ ಎಳೆದ ಸದ್ದು. ಒಬ್ಬ ಹೆಂಗಸು ನನಗೆ ಕೂತುಕೋ ಎನ್ನುತ್ತಿದ್ದಳು. ಮರುಕ್ಷಣ ಎದುರಿಗೆ ಹೊಳೆ ಇತ್ತು, ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಲ್ಲಿಗೆ ಹೋಗಿದ್ಯೋ? ಎಷ್ಟು ಸಲ ಕರೀಬೇಕು? ಅದೇನು ಇಂಗ್ಲಿಷಿನ್ಯಾಗ ವಟವಟ ಅಂದಿ?"

ಬಿಸಿಲು ತಲೆಗೇರಿದೆ ಎಂದೆ. ನಾನು ಹಾಗೆಯೇ ನಂಬಿದ್ದೆ ಕೂಡ.

ನವರಾತ್ರಿಗೆ ಮುಂಚೆ ಸೀನು ಮರಳಿದ. ಪ್ರಾಯಶ್ಚಿತ್ತ ಆಗುವವರೆಗೆ ಅವನಿಗೆ ಹೊರಗಿನ ಜಗಲಿಯೇ ವಾಸ. ಆದರೆ ಅದು ಶಿಕ್ಷೆಯಾಗಲಿಲ್ಲ, ದರ್ಬಾರಾಯಿತು. ಓಣಿಯವರೆಲ್ಲ ಬಂದು ಅವನ ಸುತ್ತ ಕೂತರು. ನನ್ನಿಂದ ಕೇಳಿದ್ದ ಕಥೆಗಳನ್ನೇ ಅವನ ಬಾಯಿಂದ ಮೊದಲ ಸಲವೆಂಬಂತೆ ಕೇಳಿದರು. ನಾನು ಎದ್ದು ಹೋಗಬೇಕೆಂದಿದ್ದಾಗ ಅವನು ನನ್ನ ಕಡೆ ತಿರುಗಿದ.

"ಲೇ, ನಿಂದೊಂದು ಮಜಾ ಹೇಳೋದ ಮರ್ತಿದ್ದೆ. ಒಂದು ಐತವಾರ ಊಟಕ್ಕ ಕುಂತಾಗ ಮುದುಕಿ ನನ್ನ ಕೇಳ್ತಾಳ, ಬಾಗಿಲ ಹತ್ರ ನಿಂತಾನಲ್ಲ ನಿನ್ನ ಗೆಳೆಯ, ಯಾಕ ಬರಿಗಾಲಾಗ ನಿಂತಾನ, ಯಾಕ ಚಪ್ಪಲಿ ಕಂಕುಳಾಗ ಇಟ್ಕೊಂಡಾನ ಅಂತ. ತಿರುಗಿ ನೋಡಿದ್ರ ಯಾರೂ ಇಲ್ಲ! ಕಂಕುಳಾಗ ಚಪ್ಪಲಿ ಇಡೋವ ಈ ಭೂಮಿ ಮ್ಯಾಲೆ ನೀನೊಬ್ಬನ ಅಲ್ಲೇನಲೇ?"

ಎಲ್ಲರೂ ನಕ್ಕರು. ಸೀನು ಮುಂದುವರಿಸಿದ: "ಕುರ್ಚಿ ಎಳದು ಕೂಡು ಅಂದ್ಳಂತ. ಬ್ಯಾಡ್ರಿ, ನಿಂತಿರ್ತೀನಿ ಅಂತ ಇಂಗ್ಲಿಷಿನ್ಯಾಗ ಅಂದ್ಯಂತ. ಭಾಳ ಸಭ್ಯ ಹುಡುಗ ಅಂತ ಹೊಗಳಿದ್ಳು. ನನ್ನ ಒಂದಿನಾನೂ ಹೊಗಳಲಿಲ್ಲ ನೋಡು!"

ಬಾಗಿಲೊಳಗೆ ನಿಂತಿದ್ದ ಅಜ್ಜಿ ನಗಲಿಲ್ಲ. ಅದು ಯಾವ ತಿಂಗಳು ಎಂದು ಕೇಳಿದಳು. ಸೀನು ಆಗಸ್ಟ್, ಅಂದರೆ ನಮ್ಮ ಶ್ರಾವಣ, ಎಂದ. ಅಜ್ಜಿ ಅಪ್ಪನ ಕಡೆ ತಿರುಗಿ, "ಆವತ್ತ ಹಂಪ್ಯಾಗ ನಿಂತಿದ್ರೂ ಇವ ಅಲ್ಲಿರಲಿಲ್ಲ. ಹೋಗ್ಯಾನ ಇವ. ಇವನಿಗೂ ಪ್ರಾಯಶ್ಚಿತ್ತ ಆಗ್ಬೇಕು" ಎಂದಳು.

ಪ್ರಾಯಶ್ಚಿತ್ತ ಮಾಡಿಸಲು ಕಂಪ್ಲಿಯಿಂದ ಬಂದಿದ್ದ ಆಚಾರ್ಯರು ತಲೆ ಕೆರೆದುಕೊಂಡರು. "ಹಡಗು ಹತ್ತಿದವರಿಗೆ ಶಾಸ್ತ್ರ ಹೇಳ್ಯದಮ್ಮಾ. ಹತ್ತದ ಹೋದವರಿಗೆ ಹೇಳಿಲ್ಲ."

"ಬ್ಯಾಡ ಅಂತೂ ಹೇಳಿಲ್ಲಲ್ರಿ? ಇಬ್ರಿಗೂ ಒಟ್ಟಿಗೆ ಮಾಡಿಬಿಡ್ರಿ."

ನಾನು ಒಲ್ಲೆ ಎನ್ನಬಹುದಿತ್ತು. ಅಪ್ಪನೂ ನನ್ನ ಪರವಾಗಿಯೇ ಇದ್ದರು. ಆದರೆ ಸೀನುವಿನ ಪಕ್ಕದಲ್ಲಿ, ಅವನಿಗೆ ಸಮನಾಗಿ, ಪರದೇಶದಿಂದ ಬಂದವನಂತೆ ಒಂದು ಬೆಳಿಗ್ಗೆ ಕೂರುವ ಆಸೆ ನನ್ನನ್ನು ಬಿಡಲಿಲ್ಲ. ಹೊಳೆಯ ದಂಡೆಯಲ್ಲಿ ನನ್ನ ಕ್ರಾಪು ಹೋಯಿತು. ಜನಿವಾರ ಬದಲಾಯಿತು, ಪಂಚಗವ್ಯ ಒಳಗಿಳಿಯಿತು. ನೋಡಲು ಬಂದವರಲ್ಲಿ ಸಂಡೂರಿನ ಕಡೆಯ ಒಬ್ಬ ಯಜಮಾನರು ನನ್ನ ಬಳಿ ಬಗ್ಗಿ, "ಹಡಗಿನ್ಯಾಗ ಭಾಳ ವಾಂತಿ ಆಗ್ತದಂತಲ್ರಿ, ಹೌದೇನ್ರಿ?" ಎಂದು ಕೇಳಿದರು. "ಮೊದಲೆರಡು ದಿನ ಆಗ್ತದ್ರಿ" ಎಂದೆ.

ಮರುವರ್ಷ ಚಿಕ್ಕಪ್ಪ ನನ್ನ ಪ್ರಯಾಣದ ಮಾತೆತ್ತಿದಾಗ ಅಜ್ಜಿ ಹೂಬತ್ತಿ ಹೊಸೆಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

"ಅವಂದು ಆಯ್ತಲ್ಲ. ಒಬ್ಬೊಬ್ರು ಒಂದೊಂದ ಸಲ ಅಂದಿದ್ದೆ."

"ನಾ ಎಲ್ಲಿ ಹೋಗೀನಜ್ಜಿ? ಹೊಸಪೇಟಿ ಬಿಟ್ಟು ಕದಲಿಲ್ಲ!"

"ಹೋಗದೇ ಇದ್ದವ ತಲಿ ಯಾಕ ಬೋಳಿಸ್ಕೊಂಡಿ?"

ಮದ್ರಾಸಿನಲ್ಲಿ ನಾನು ಬೇರೆಯವರ ಬಾಯಿ ಮುಚ್ಚಿಸುತ್ತಿದ್ದ ತರ್ಕವೇ ಇದು. ಅಜ್ಜಿಯ ಮಾತು ಮೀರಿ ಕಳಿಸುವ ಧೈರ್ಯ ಚಿಕ್ಕಪ್ಪನಿಗಿರಲಿಲ್ಲ. ಆ ವರ್ಷವೇ ಯುದ್ಧ ಶುರುವಾಯಿತು. ನಾನು ಸಂಡೂರಿನಲ್ಲಿ ಮೇಷ್ಟರಾದೆ. ಸಮುದ್ರವನ್ನು ಮದ್ರಾಸಿನ ದಂಡೆಯಿಂದ ಕಂಡದ್ದಷ್ಟೇ.

ಬಹಳ ಸಲ ಯೋಚಿಸಿದ್ದೇನೆ. ನನ್ನ ಚಪ್ಪಲಿಯ ವಿಷಯ ಸೀನುವೇ ಆ ಮುದುಕಿಗೆ ಹೇಳಿರಬಹುದು; ಇಲ್ಲವೆಂದು ಅವನು ಆಣೆ ಇಡುತ್ತಾನೆ. ಆ ಕುರ್ಚಿಯ ಸದ್ದು ಹಂಪಿಯಲ್ಲಿ ಕೇಳಿದ್ದೋ, ಜಗಲಿಯಲ್ಲಿ ಅವನ ಕಥೆ ಕೇಳಿದ ಮೇಲೆ ನನ್ನ ನೆನಪು ತಾನೇ ಹಿಂದಕ್ಕೆ ಹೋಗಿ ಸೇರಿಸಿಕೊಂಡದ್ದೋ, ಖಚಿತವಾಗಿ ಹೇಳಲಾರೆ. ಆದರೆ ಇಂಗ್ಲಿಷ್ ಆಡಿದ್ದನ್ನು ಕೇಳಿದವಳು ಅಜ್ಜಿ. ಆಗ ಸೀನುವಿನ ಕಥೆ ಅವಳಿಗೂ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಸೀನು ಸಂಡೂರಿಗೆ ಬಂದಾಗ, ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಆವರೆಗೆ ಹೇಳದಿದ್ದ ಒಂದು ಮಾತು ಹೇಳಿದ. ಮುದುಕಿ ನನ್ನನ್ನು ಕಂಡದ್ದು ಒಂದೇ ಸಲವಲ್ಲವಂತೆ. ಮುಂದಿನ ಭಾನುವಾರಗಳಲ್ಲೂ ನಾನು ಬಂದಿದ್ದೆನಂತೆ. ಆಕೆ ನನಗೆಂದು ಒಂದು ಕುರ್ಚಿ ಇಡುತ್ತಿದ್ದಳಂತೆ, ಆಮೇಲಾಮೇಲೆ ನಾನು ಕೂರುತ್ತಲೂ ಇದ್ದೆನಂತೆ. "ಕಡೀ ಐತವಾರ ನೀ ಹಾಡಿದ್ಯಂತಲೇ. ನಮಗ್ಯಾರಿಗೂ ಕೇಳ್ಸಲಿಲ್ಲ. ಮುದುಕಿ ಪಿಯಾನೋ ನಿಲ್ಸಿ, ಕಣ್ಣೊರಸಿಕೊಂಡು ಕುಂತಿದ್ಳು."

ನನಗೆ ಹಾಡಲು ಬರುವುದಿಲ್ಲ. ಆ ಒಂದು ಸಂಜೆ ಬಿಟ್ಟರೆ ಉಳಿದ ಭಾನುವಾರಗಳಲ್ಲಿ ನನಗೆ ಏನೂ ಆದ ನೆನಪಿಲ್ಲ; ಪುಸ್ತಕ ಹಿಡಿದು ಸೀನುವನ್ನು ಶಪಿಸುತ್ತಾ ಮನೆಯಲ್ಲೇ ಇದ್ದೆ. ಸೀನುವಿನ ಮೇಲಿನ ಹೊಟ್ಟೆಕಿಚ್ಚು ವಯಸ್ಸಿನೊಡನೆ ಆರಿದೆ. ಆರದೆ ಉಳಿದಿರುವುದು ಆ ಇನ್ನೊಬ್ಬನ ಮೇಲಿನದು. ಅವನು ಯಾರೋ ನನಗೆ ತಿಳಿಯದು. ನನ್ನ ಬರಿಗಾಲಲ್ಲಿ ಹೋಗಿ, ಆ ಮನೆಯಲ್ಲಿ ಕೂತು, ಹಾಡಿ, ಹೊಗಳಿಸಿಕೊಂಡವನು ಒಮ್ಮೆ ಬಂದು ಅದೆಲ್ಲ ಹೇಗಿತ್ತೆಂದು ನನಗೆ ಹೇಳಬಹುದಿತ್ತು. ಅವನ ಪ್ರಾಯಶ್ಚಿತ್ತವನ್ನೂ ನಾನೇ ಮಾಡಿಕೊಂಡಿದ್ದೆ.